‘ಬಿಡು’ ಅಂದರೆ ಏನು?

ಹಿರೇಹೊಂಡದ ನೀರಿನ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಒಬ್ಬಳು ಅತ್ತೆ ಇದ್ದಳು. ಮನುಷ್ಯಳಲ್ಲ, ಯಂತ್ರ. ಊರಿನ ಹನ್ನೆರಡು ಸಾವಿರ ನಲ್ಲಿಗಳಿಗೆ ಯಾವ ದಿನ ಎಷ್ಟು ಹೊತ್ತು ನೀರು ಹೋಗಬೇಕು, ಆ ನೀರಿಗೆ ಎಷ್ಟು ಕ್ಲೋರಿನ್ ಬೀಳಬೇಕು ಎಂದು ನಿರ್ಧರಿಸುವ ಸರ್ವರ್‌ಗಳು ಅಲ್ಲಿನ ಒಂದು ಕೋಣೆಯಲ್ಲಿದ್ದವು. ಆ ಸರ್ವರ್‌ಗಳು ನೆಟ್ಟಗೆ ಕೆಲಸ ಮಾಡುತ್ತಿವೆಯೋ ಇಲ್ಲವೋ ಎಂದು ಕಣ್ಣಿಟ್ಟು ಕಾಯುವ ನಿಗಾ ವ್ಯವಸ್ಥೆಯೇ ಈ ಅತ್ತೆ. ಕಂಪನಿಯವರು ಇಟ್ಟ ಹೆಸರು ಬೇರೆ ಏನೋ ಇತ್ತು. ಆದರೆ ಇದು ಬಿಸಿಯಾಯಿತು, ಅದು ನಿಧಾನವಾಯಿತು, ಇನ್ನೊಂದರಲ್ಲಿ ಜಾಗ ತುಂಬಿತು ಎಂದು ದಿನಕ್ಕೆ ನಲವತ್ತು ಸಲ ಗೊಣಗುವವಳಿಗೆ ಕಚೇರಿಯ ಮಂದಿ ಮತ್ತಾವ ಹೆಸರು ಇಟ್ಟಾರು?

ಶಿವಗಂಗಾ ಕುಂಬಾರ ಆ ಕಚೇರಿಯ ಇಂಜಿನಿಯರ್. ವಯಸ್ಸು ನಲವತ್ತೊಂದು. ಮನೆಯಲ್ಲೊಬ್ಬಳು ಅತ್ತೆ, ಕಚೇರಿಯಲ್ಲೊಬ್ಬಳು ಅತ್ತೆ ಎಂದು ಎಲ್ಲರೂ ಅವಳನ್ನು ಛೇಡಿಸುತ್ತಿದ್ದರು. “ಮನಿ ಅತ್ತಿ ನಿದ್ದಿನಾದ್ರೂ ಮಾಡ್ತಾಳ್ರಿ” ಎಂದು ಅವಳು ನಕ್ಕು ತಪ್ಪಿಸಿಕೊಳ್ಳುತ್ತಿದ್ದಳು.

ಈ ಯಂತ್ರದತ್ತೆಗೆ ಒಂದು ಗುಣವಿತ್ತು. ಅವಳು ಕೈ ನೋಡಿ ಕಲಿಯುವವಳು. ಅವಳು ದೂರು ಹೇಳಿದಾಗ ಪಾಳಿಯಲ್ಲಿದ್ದವರು ಪರದೆಯ ಮೇಲೆ ಉತ್ತರವಾಗಿ ಒಂದು ಮಾತು ಒತ್ತಬೇಕಿತ್ತು, ಇಲ್ಲದಿದ್ದರೆ ಬಾಯಿ ಮುಚ್ಚುತ್ತಿರಲಿಲ್ಲ. ಆ ಮಾತು ಒತ್ತಿದ ಮೇಲೆ ಹತ್ತು ನಿಮಿಷದಲ್ಲಿ ಯಾರು ಯಾವ ಫ್ಯಾನು ಹಾಕಿದರು, ಯಾವ ವಾಲ್ವು ತಿರುಗಿಸಿದರು, ಅದರಿಂದ ದೂರು ತೀರಿತೇ ಎಂದೆಲ್ಲ ಅವಳು ನೋಡಿಟ್ಟುಕೊಳ್ಳುತ್ತಿದ್ದಳು. ಒಂದೇ ದೂರಿಗೆ ಐವತ್ತು ಸಲ ಒಂದೇ ಕೆಲಸ ನಡೆದರೆ, ಐವತ್ತೊಂದನೆಯ ಸಲ ಯಾರನ್ನೂ ಕೇಳದೆ ತಾನೇ ಮಾಡಿ ಮುಗಿಸುತ್ತಿದ್ದಳು. ಒಳ್ಳೆಯ ಗುಣವೇ. ತೊಂದರೆ ಏನೆಂದರೆ, ಕಲಿತದ್ದೆಲ್ಲ ಅವಳ ಹೊಟ್ಟೆಯೊಳಗೇ ಉಳಿಯುತ್ತಿತ್ತು. ಬಿಚ್ಚಿ ನೋಡಿದರೆ ಕೋಟಿಗಟ್ಟಲೆ ಅಂಕಿಗಳು ಮಾತ್ರ. ಮನುಷ್ಯರು ಓದಬಹುದಾದದ್ದು ಪಾಳಿಯವರು ಒತ್ತಿದ ಆ ಒಂದೊಂದು ಮಾತು, ಅಷ್ಟೇ.

ಈಗ ಅವಳನ್ನು ತೆಗೆಯುವ ಕಾಲ ಬಂದಿತ್ತು. ಅವಳನ್ನು ಹೆತ್ತ ಕಂಪನಿ ಮುಚ್ಚಿ ಒಂಬತ್ತು ವರ್ಷ. ಅವಳ ಗೋಡೆಯಲ್ಲಿ ಬಿದ್ದ ತೂತುಗಳನ್ನು ಮುಚ್ಚುವವರು ಯಾರೂ ಉಳಿದಿರಲಿಲ್ಲ. ಪಕ್ಕದ ಊರಿನಲ್ಲಿ ಅಂಥದೇ ಹಳೆಯ ವ್ಯವಸ್ಥೆಯ ತೂತಿನೊಳಗಿಂದ ಯಾರೋ ದೂರದ ಕಂಪ್ಯೂಟರಿನಿಂದ ನುಸುಳಿ ಎರಡು ದಿನ ಕ್ಲೋರಿನ್ ನಿಲ್ಲಿಸಿದ್ದರು. ಊರಿಗೆ ಊರೇ ವಾಂತಿಭೇದಿಯಿಂದ ಮಲಗಿತು, ಎರಡು ಹಸುಗೂಸುಗಳು ಸತ್ತವು. ಅದಾದ ವಾರದೊಳಗೆ ಆದೇಶ ಬಂತು: ಒಂದು ತಿಂಗಳಲ್ಲಿ ಹೊಸದು ಕೂಡಿಸಿ, ಹಳೆಯದನ್ನು ಆರಿಸಿ.

“ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ” ಎಂದರು ಕಚೇರಿಯವರು. ಹೊಸದಕ್ಕೆ ಹೆಸರಿಡುವ ಕಷ್ಟ ಯಾರಿಗೂ ಬೀಳಲಿಲ್ಲ.

ಶಿವಗಂಗಾಳಿಗೆ ಮಾತ್ರ ಭಯವಿತ್ತು. ಅತ್ತೆಯನ್ನು ಇಟ್ಟುಕೊಂಡರೆ ಕಳ್ಳ ಬರುತ್ತಾನೆ. ಅವಸರದಲ್ಲಿ ಕಳಿಸಿದರೆ ಅವಳೊಬ್ಬಳಿಗೇ ಗೊತ್ತಿದ್ದದ್ದು ಅವಳ ಜೊತೆಗೇ ಹೋಗಿಬಿಡುತ್ತದೆ. ಅದಕ್ಕೇ ಅವಳು ಮೊದಲ ದಿನವೇ ಹಟ ಹಿಡಿದಳು. ಹದಿನೈದು ದಿನ ಇಬ್ಬರೂ ಒಂದೇ ಕೋಣೆಯಲ್ಲಿರಲಿ. ಅತ್ತೆ ಎಂದಿನಂತೆ ಕೆಲಸ ಮಾಡಲಿ. ಸೊಸೆ ಎಲ್ಲವನ್ನೂ ನೋಡಲಿ, ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಬರೆದಿಡಲಿ, ಆದರೆ ಏನನ್ನೂ ಮುಟ್ಟಬಾರದು. ದಿನದ ಕೊನೆಗೆ ಇಬ್ಬರ ಬರಹವನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಹೊಸ ಕಂಪನಿಯ ಕಡೆಯಿಂದ ಬಂದ ಶ್ರೀವತ್ಸ ಒಪ್ಪಿಕೊಂಡ. ಮೈಸೂರು ಕಡೆಯವನು, ತಲೆ ಬೋಳಾದರೂ ಮೀಸೆ ದಟ್ಟ. ಅತ್ತೆಯ ಬಳಿಯಿದ್ದ ಇಪ್ಪತ್ತೊಂದು ವರ್ಷದ ಮಾತುಗಳನ್ನೆಲ್ಲ ಅವನ ಕಂಪನಿಯ ಅನುವಾದ ಯಂತ್ರ ಓದಿ, ಸೊಸೆಗೆ ನಿಯಮಗಳಾಗಿ ಬರೆದುಕೊಟ್ಟಿತ್ತು. ಒಟ್ಟು ಏಳುನೂರು ಚಿಲ್ಲರೆ ನಿಯಮಗಳು.

ಮೊದಲ ದಿನ ಅತ್ತೆಯ ದೂರು ನಲವತ್ತೊಂದು, ಸೊಸೆಯದು ನಲವತ್ತು. ಎರಡನೆಯ ದಿನ ಮೂವತ್ತೆಂಟು, ಮೂವತ್ತೇಳು. ಮೂರನೆಯ ದಿನ ನಲವತ್ತನಾಲ್ಕು, ನಲವತ್ಮೂರು. ದಿನವೂ ಒಂದು, ಒಂದೇ ಒಂದು ಕಡಿಮೆ. ಶಿವಗಂಗಾ ಹುಡುಕಿದಳು. ಮಧ್ಯಾಹ್ನ ಎರಡೂವರೆಗೆ ಅತ್ತೆ ಬರೆಯುತ್ತಿದ್ದಳು: ‘ಏಳನೇ ರ‍್ಯಾಕ್ ಬಿಸಿ. ಸರಿಪಡಿಸಲಾಗಿದೆ.’ ಅದೇ ಹೊತ್ತಿಗೆ ಸೊಸೆಯ ಟಿಪ್ಪಣಿ ಹೀಗಿತ್ತು: ‘ಏಳನೇ ರ‍್ಯಾಕ್ ತುಸು ಬಿಸಿ. ನಿರ್ಲಕ್ಷಿಸಬಹುದು. ಆಧಾರ: ಈ ದೂರಿಗೆ ಐವತ್ತು ಸಲ ಬಂದ ಉತ್ತರ, ಬಿಡು.’

“ಬಿಡಿ ಮೇಡಂ” ಎಂದ ಶ್ರೀವತ್ಸ. “ನಿಮ್ಮವ್ರೇ ಐವತ್ತು ಸಲ ಬಿಡು ಅಂದಿದ್ದಾರೆ. ನಲವತ್ತರಲ್ಲಿ ಒಂದು. ಇದನ್ನೇನು ದೊಡ್ಡದು ಮಾಡ್ತೀರಾ?”

“ಆದ್ರ ಅತ್ತಿ ‘ಸರಿಪಡಿಸಲಾಗಿದೆ’ ಅಂತಾಳಲ್ರಿ. ಯಾರು ಸರಿ ಮಾಡಿದ್ರು? ಏನು ಮಾಡಿದ್ರು?”

ಅದು ಶ್ರೀವತ್ಸನಿಗೂ ಗೊತ್ತಿರಲಿಲ್ಲ, ಅತ್ತೆ ಬಾಯಿ ಬಿಡುವವಳಲ್ಲ. ಶಿವಗಂಗಾಳ ತಲೆಯೊಳಗೆ ಆ ಒಂದು ದೂರು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚತೊಡಗಿತು. ಏಳನೇ ರ‍್ಯಾಕ್ ಎಂದರೆ ಸರ್ವರ್‌ಗಳ ಏಳನೇ ಕಪಾಟು, ಸಾಮಾನ್ಯದ್ದಲ್ಲ. ಮಧ್ಯಾಹ್ನ ಎರಡೂವರೆಗೆ ಮರುದಿನದ ಇಡೀ ಊರಿನ ನೀರಿನ ಪಾಳಿಯನ್ನು ಕೂಡಿಸಿ ಕಳೆದು ಲೆಕ್ಕ ಹಾಕುವುದು ಅದೇ, ಕ್ಲೋರಿನ್ ನೋಡಿಕೊಳ್ಳುವುದೂ ಅದೇ.

*

ಭಾನುವಾರ ಶಿವಗಂಗಾ ಮನೆಯಲ್ಲಿದ್ದಳು. ಅವಳ ಮನೆ ಕುಂಬಾರ ಓಣಿಯಲ್ಲಿ. ಪ್ಲಾಸ್ಟಿಕ್ ಕೊಡಗಳು ನಿಂತುಹೋದ ಮೇಲೆ ಮಣ್ಣಿನ ಗಡಿಗೆಗೆ ಮತ್ತೆ ಗಿರಾಕಿ ಹುಟ್ಟಿ, ಓಣಿಯ ಹದಿನೆಂಟು ಮನೆಗಳಲ್ಲಿ ತಿಗರಿಗಳು ತಿರುಗುತ್ತಿದ್ದವು. ಊರಿಗೆಲ್ಲ ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ನೀರು. ಇದು ನೀರಿನ ದಿನವಲ್ಲ. ಆದರೂ ಮಧ್ಯಾಹ್ನ ಎರಡು ನಲವತ್ತಕ್ಕೆ ಅಂಗಳದ ನಲ್ಲಿ ಗೊರಗೊರ ಎಂದು ಸದ್ದು ಮಾಡಿ ಸುರಿಯತೊಡಗಿತು. ಅವಳ ಅತ್ತೆ ನೀಲವ್ವ ಏನೂ ವಿಶೇಷ ನಡೆದೇ ಇಲ್ಲವೆಂಬಂತೆ ಬಂದು ಹಂಡೆ ಇಟ್ಟಳು, ತುಂಬಿದ ಮೇಲೆ ಮಣ್ಣಿನ ಗುಡ್ಡೆಗೆ ನೀರು ಚಿಮುಕಿಸಿದಳು.

“ಅತ್ತಿ, ಇವತ್ತ ನೀರಿನ ದಿನ ಅಲ್ಲಲ್ರಿ?”

“ಇದು ಮಧ್ಯಾಹ್ನದ ನೀರು.”

“ಅಂದ್ರ?”

“ಅಂದ್ರೇನು? ದಿನಾ ಬರತೈತಿ, ಅರ್ಧಾ ತಾಸು. ನೀ ಈ ಮನಿಗೆ ಬರೋಕಿಂತ ಮೊದಲಿಂದ ಬರತೈತಿ. ವಾರ ಪೂರ್ತಿ ನೀ ಕಚೇರಿಯಾಗ ಇರ್ತಿ, ಐತವಾರ ಉಂಡು ಮಲಗ್ತಿ. ನಿನಗ ಹೆಂಗ ಗೊತ್ತಾಗಬೇಕು?”

ಅವಳು ಮದುವೆಯಾಗಿ ಈ ಮನೆಗೆ ಬಂದು ಹದಿನಾಲ್ಕು ವರ್ಷ! ನೀರಿನ ಕಚೇರಿಯ ಇಂಜಿನಿಯರ್‌ಗೆ ತನ್ನ ಅಂಗಳದ ನಲ್ಲಿ ಗೊತ್ತಿಲ್ಲ. ದೀಪದ ಬುಡ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ? ಶಿವಗಂಗಾ ನಾಚಿಕೆಯಿಂದ ನಲ್ಲಿಯ ಕೆಳಗೆ ಕೈ ಒಡ್ಡಿದಳು. ನೀರು ಬೆಚ್ಚಗಿತ್ತು.

“ಬಿಸಲಿಗೆ ಪೈಪು ಕಾದಿರತೈತಿ” ಎಂದಳು ನೀಲವ್ವ.

ಆಷಾಢದ ಮೋಡ ಕವಿದ ದಿನ ಅದು. ಪೈಪು ನಾಲ್ಕು ಅಡಿ ಮಣ್ಣಿನೊಳಗೆ ಹೂತಿದೆ. ಶಿವಗಂಗಾ ಒಳಗೆ ಓಡಿ ಜ್ವರ ನೋಡುವ ಥರ್ಮಾಮೀಟರ್ ತಂದು ನೀರಿಗೆ ಹಿಡಿದಳು, ಮೂವತ್ತಾರು ತೋರಿಸಿತು. ಊರಿನ ತೊಟ್ಟಿಯ ನೀರು ಇಪ್ಪತ್ನಾಲ್ಕು ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ ಎಂದು ಅವಳಿಗೆ ಬಾಯಿಪಾಠ. ಈ ನೀರು ದಾರಿಯಲ್ಲಿ ಎಲ್ಲೋ ಏನನ್ನೋ ತಣಿಸಿ ಬಂದಿದೆ!

ಅವಳ ಮುಖ ನೋಡಿ ನೀಲವ್ವ ಮಣ್ಣಿನ ಕೈ ಒರೆಸಿಕೊಂಡು ಹತ್ತಿರ ಬಂದಳು. “ಗಂಗಾ, ಯಾರು ಕೊಡ್ತಾರ, ಯಾಕ ಕೊಡ್ತಾರ ಅಂತ ಈ ಓಣಿಯಾಗ ಯಾರೂ ಕೇಳಿಲ್ಲ. ಕೇಳಿದ್ರ ನಿಲ್ಲಸ್ತಾರ. ಈ ನೀರಿನ ಮ್ಯಾಲೆ ಹದಿನೆಂಟು ಮನಿ ಒಲಿ ಉರೀತಾವ. ನೀನೂ ಕೇಳಬ್ಯಾಡ.”

*

ಕೇಳದೆ ಇರುವ ಜಾಯಮಾನ ಅವಳದಾಗಿದ್ದರೆ ಇಂಜಿನಿಯರ್ ಆಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಕಚೇರಿಗೆ ಹೋದವಳೇ ಹುಸೇನಸಾಬ ನದಾಫನನ್ನು ಹಿಡಿದಳು. ನಿವೃತ್ತಿಗೆ ಎಂಟು ತಿಂಗಳಿದ್ದ ಆತ ಮೊದಲು ಓಣಿ ಓಣಿ ತಿರುಗಿ ಕಬ್ಬಿಣದ ಚಾವಿಯಿಂದ ನೀರು ಬಿಡುತ್ತಿದ್ದವನು. ಸರ್ವರ್‌ಗಳು ಬಂದ ಮೇಲೆ ನಿಗಾ ಕೋಣೆಯ ಮೊದಲ ಪಾಳಿಗೆ ಕೂತವನೂ ಅವನೇ.

“ಕಾಕಾ, ಏಳನೇ ರ‍್ಯಾಕ್ ಬಿಸಿ ಅಂದಾಗ ‘ಬಿಡು’ ಅಂತ ಒತ್ತಿದವರು ಯಾರ್ರಿ?”

ಹುಸೇನಸಾಬ ನೆನಪು ಮಾಡಿಕೊಂಡ. “ನಾನ ರೀ ಬಾಯಾರ. ಮೊದಲನೇ ಬ್ಯಾಸಿಗಿ ಅದು. ಮಧ್ಯಾಹ್ನ ಆತಂದ್ರ ಚೀರಾಕ ಸುರು ಮಾಡೋದು ಈ ಮಷಿನ್ನು.”

“ಬಿಡು ಅಂದ್ರ ಏನ್ರಿ ಕಾಕಾ? ಚೀರಲಿ ಬಿಡು ಅಂತಾನ?”

ಹುಸೇನಸಾಬ ಅವಳನ್ನು ಕನಿಕರದಿಂದ ನೋಡಿದ. “ಬಿಡು ಅಂದ್ರ ನೀರು ಬಿಡು ಅಂತ್ರಿ! ಜೀವಮಾನ ಪೂರ್ತಿ ಅದೊಂದ ಕೆಲಸ ಮಾಡೇನಿ, ಮತ್ತೇನ ಅಂದೇನು? ನಾಕನೇ ವಾಲ್ವಿನ ಪೈಪು ಆ ರ‍್ಯಾಕಿನ ಬೆನ್ನಿಗೇ ಹತ್ಗೊಂಡು ಹೋಗೈತಿ. ಆ ವಾಲ್ವು ಬಿಟ್ರ ಹತ್ತು ನಿಮಿಷದಾಗ ತಣ್ಣಗ. ದಿನಾ ‘ಬಿಡು’ ಅಂತ ಬರದು, ಎದ್ದು ಹೋಗಿ ಬಿಡ್ತಿದ್ದೆ. ಎರಡು ತಿಂಗಳಿಗೆ ಚೀರೋದು ನಿಂತು ಹೋತು. ರಿಪೇರಿ ಆಗಿರಬೇಕು ಅಂತ ನಾನೂ ಮರತೆ.”

ರಿಪೇರಿ ಆಗಿರಲಿಲ್ಲ, ಅತ್ತೆ ಕಲಿತಿದ್ದಳು. ಅಂದಿನಿಂದ ಇಂದಿನವರೆಗೆ ಅವಳು ಮಧ್ಯಾಹ್ನ ಎರಡೂವರೆಗೆ ನಾಲ್ಕನೇ ವಾಲ್ವು ತೆರೆದು ರ‍್ಯಾಕ್ ತಣಿಸುತ್ತಿದ್ದಳು. ಆ ವಾಲ್ವಿಗೆ ಮೀಟರೇ ಇರಲಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಪೈಪು ಹೋಗಿ ಮುಟ್ಟುವುದು ಕುಂಬಾರ ಓಣಿಗೆ.

ಶ್ರೀವತ್ಸ ಬೋಳುತಲೆ ಸವರಿಕೊಂಡ. “ಮೇಡಂ, ನಮ್ ಆಫೀಸಲ್ಲಿ ಅನುವಾದ ನೋಡಿದ ಒಬ್ರೂ ನಲ್ಲಿ ಮುಂದೆ ಪಾಳಿ ನಿಂತವ್ರಲ್ಲ. ಬಿಡು ಅಂದ್ರೆ ಬಿಟ್ಟಾಕು ಅಂತಾನೇ ಅನ್ಕೊಂಡ್ವಿ.”

ಊಹೆಯ ಮೇಲೆ ಕೆಲಸ ಮಾಡಬಾರದೆಂದು ಶಿವಗಂಗಾ ಪರೀಕ್ಷೆಗೆ ನಿಂತಳು. ಮರುದಿನ ಮಧ್ಯಾಹ್ನ ನಾಲ್ಕನೇ ವಾಲ್ವನ್ನು ಅತ್ತೆಯ ಕೈಯಿಂದ ತಪ್ಪಿಸಿ, ಹುಸೇನಸಾಬನ ಕೈಗೆ ಚಾವಿ ಕೊಟ್ಟು ಅದರ ಪಕ್ಕದಲ್ಲೇ ನಿಲ್ಲಿಸಿದಳು. ಅರವತ್ತು ಡಿಗ್ರಿಗೆ ರ‍್ಯಾಕ್ ತಾನೇ ಆರಿಹೋಗುತ್ತದೆ, ಕ್ಲೋರಿನ್ ನಿಲ್ಲುತ್ತದೆ. ಅದಕ್ಕೆ ಮೊದಲೇ, ಐವತ್ತೆರಡಕ್ಕೆ ವಾಲ್ವು ತೆರೆಯಬೇಕೆಂದು ಮಾತಾಯಿತು.

ಎರಡೂವರೆಗೆ ಮೂವತ್ತೇಳು ಡಿಗ್ರಿ. ನಾಲ್ಕು ನಿಮಿಷ ಕಳೆದು ನಲವತ್ಮೂರು. ಅತ್ತೆ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಆ ದೂರನ್ನು ಗಟ್ಟಿಯಾಗಿ ಹೇಳಿದಳು, ಮತ್ತೆ ಹೇಳಿದಳು. ಸೊಸೆಯ ಪರದೆಯಲ್ಲಿ ‘ನಿರ್ಲಕ್ಷಿಸಬಹುದು’ ಎಂಬುದು ಹಾಗೇ ನಿಂತಿತ್ತು. ನಲವತ್ತೊಂಬತ್ತು. ಪಕ್ಕದ ಊರಿನ ಆ ಎರಡು ಕೂಸುಗಳು ಶಿವಗಂಗಾಳ ಕಣ್ಣ ಮುಂದೆ ಬಂದವು.

“ಐವತ್ತೆರಡು! ಕಾಕಾ, ಬಿಡ್ರಿ!”

ಹುಸೇನಸಾಬನಿಗೆ ಅರ್ಥದ ಗೊಂದಲವೇನೂ ಆಗಲಿಲ್ಲ. ವಾಲ್ವು ತಿರುಗಿತು, ಗೋಡೆಯೊಳಗೆ ನೀರು ಹರಿದ ಸದ್ದಾಯಿತು, ಅಂಕಿ ಇಳಿಯತೊಡಗಿತು. ಇಬ್ಬರನ್ನೂ ಜೊತೆಗಿಟ್ಟು ನೋಡದೆ ಬದಲಾಯಿಸಿದ್ದರೆ ಮೊದಲ ಮಧ್ಯಾಹ್ನವೇ ಕ್ಲೋರಿನ್ ನಿಂತು, ಮರುದಿನ ಬೆಳಿಗ್ಗೆ ಊರಿನ ನೀರು ಅದಿಲ್ಲದೆ ಮನೆಮನೆಗೆ ಹೋಗುತ್ತಿತ್ತು.

*

ದೋಷ ಸಿಕ್ಕಿತು. ಈಗ ಸೊಸೆಗೆ ಸರಿಯಾದ ನಿಯಮ ಬರೆಯಬೇಕು. ನಿಜವಾದ ತೊಡಕು ಶುರುವಾದದ್ದು ಅಲ್ಲಿ.

ಸೊಸೆ ಕೈ ನೋಡಿ ಕಲಿಯುವವಳಲ್ಲ, ಕಾರಣ ಕೇಳಿ ಕಲಿಯುವವಳು. ಯಾವ ವಾಲ್ವು, ಯಾಕೆ, ನೀರು ಯಾರಿಗೆ ಹೋಗುತ್ತದೆ ಎಂಬುದನ್ನು ಪೂರ್ತಿ ವಾಕ್ಯದಲ್ಲಿ ಬರೆಯದೆ ಅವಳು ನಿಯಮ ಒಪ್ಪುವುದಿಲ್ಲ. ಬರೆದ ನಿಯಮ ಪ್ರತಿ ಓಣಿಯ ಫಲಕದ ಮೇಲೆ ಮೂಡುತ್ತದೆ, ಊರೆಲ್ಲ ಓದುತ್ತದೆ. ‘ನೀರು ದಿನವೂ ಕುಂಬಾರ ಓಣಿಗೆ. ನಿಯಮ ಬರೆದವರು: ಶಿವಗಂಗಾ ಕುಂಬಾರ’ ಎಂದು ಓದಿದವರು ಏನೆಂದಾರು?

“ಕಾರಣದ ಜಾಗದಲ್ಲಿ ‘ಹಳೆಯ ರೂಢಿ’ ಅಂತ ಹಾಕ್ಬಿಡಿ, ನೀರು ಎಲ್ಲಿಗೆ ಅಂದ್ರೆ ‘ಹೆಚ್ಚುವರಿ ಮಾರ್ಗ’ ಅನ್ನಿ” ಎಂದ ಶ್ರೀವತ್ಸ ಮೆತ್ತಗೆ. “ಯಂತ್ರ ಒಪ್ಕೊಳ್ಳತ್ತೆ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಓಣಿಗೂ ಒಳ್ಳೇದು.”

ಅವನು ಕೆಟ್ಟವನಲ್ಲ, ಉಪಕಾರ ಮಾಡಲೆಂದೇ ಹೇಳಿದ. ಶಿವಗಂಗಾಳ ಬೆರಳೂ ಒಂದು ಕ್ಷಣ ಅತ್ತ ಹೋಯಿತು. ಹದಿನೆಂಟು ತಿಗರಿಗಳು, ನೀಲವ್ವನ ಹಂಡೆ, ‘ಕೇಳಬ್ಯಾಡ’ ಎಂದ ಆ ಮುಖ. ಆದರೆ ನಾಳೆ ತಾನು ಇಲ್ಲದಾಗ ಯಾರೋ ಇನ್ನೊಬ್ಬರು ‘ಹಳೆಯ ರೂಢಿ’ ಎಂಬುದನ್ನು ಓದಿ, ಇದೆಂಥ ಅನವಶ್ಯಕ ನಿಯಮ ಎಂದು ಅಳಿಸಿಹಾಕುತ್ತಾರೆ. ಅಂದು ಮಧ್ಯಾಹ್ನ ವಾಲ್ವಿನ ಹತ್ತಿರ ಹುಸೇನಸಾಬ ಇರುವುದಿಲ್ಲ. ಒಂದು ಮಾತನ್ನು ಅರ್ಧಕ್ಕೆ ಬಿಟ್ಟದ್ದರಿಂದ ಏನಾಗುತ್ತದೆಂದು ಈಗಷ್ಟೇ ನೋಡಿದವಳು ತಾನೇ ಇನ್ನೊಂದು ಅರೆಮಾತು ಬರೆಯುವುದು ಹೇಗೆ?

“ಕಾಕಾ, ನಾಕನೇ ಪೈಪಿನಿಂದ ಕುಂಬಾರ ಓಣಿಗಷ್ಟ ನೀರು ಹೋಗ್ತದೇನ್ರಿ?”

“ಇಲ್ರಿ. ಕೆರೆ ಕಟ್ಟಿ ಹತ್ರ ಪೈಪುಗಳ ಕೂಡು ಐತಿ. ಅಲ್ಲಿಂದ ಏಳು ಓಣಿಗೆ ದಾರಿ. ಆರು ವಾಲ್ವು ನಾನ ಮುಚ್ಚಿದ್ದೆ. ಕುಂಬಾರ್ರಿಗೆ ಮಣ್ಣು ಕಲಸಾಕ ನೀರು ಬೇಕಾಗತೈತಲ್ಲ ಅಂತ ಅದೊಂದು ತಗದಿಟ್ಟಿದ್ದೆ.” ಆಮೇಲೆ ಸೇರಿಸಿದ: “ಆಗ ನೀವು ಆ ಓಣಿಗೆ ಲಗ್ನ ಆಗಿ ಬಂದಿದ್ದಿಲ್ರಿ.”

ಏಳು ಓಣಿ, ಏಳು ದಿನ. ಕೂಡಿನ ವಾಲ್ವುಗಳನ್ನು ದಿನಕ್ಕೊಂದು ಓಣಿಗೆ ತೆರೆದರಾಯಿತು. ಉತ್ತರ ಎದುರಿಗೇ ಇತ್ತು. ಅದು ಸಿಕ್ಕಿದ್ದಕ್ಕೆ ಶಿವಗಂಗಾಳಿಗೆ ಖುಷಿಗಿಂತ ಸಂಕಟವೇ ಹೆಚ್ಚಾಯಿತು.

ಆ ಸಂಜೆ ಊಟಕ್ಕೆ ಕೂತಾಗ ನೀಲವ್ವನಿಗೆ ಎಲ್ಲವನ್ನೂ ಹೇಳಿದಳು. ರ‍್ಯಾಕ್ ಬಿಸಿಯಾಗುವುದು, ಹುಸೇನಸಾಬನ ಮಾತು, ಇನ್ನು ಮೇಲೆ ವಾರಕ್ಕೊಂದು ದಿನ ಮಾತ್ರ ಎಂಬುದು, ಏನನ್ನೂ ಮುಚ್ಚಲಿಲ್ಲ. ನೀಲವ್ವ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದಳು. “ಕೇಳಬ್ಯಾಡ ಅಂದಿದ್ದೆ” ಎಂದಷ್ಟೇ ಹೇಳಿ ಎದ್ದುಹೋದಳು. ಮರುದಿನದಿಂದ ಶಿವಗಂಗಾಳೊಂದಿಗೆ ಮಾತಿಲ್ಲ. ಓಣಿಗೂ ಸುದ್ದಿ ಮುಟ್ಟಿತು. ಶಿವಗಂಗಾ ಹಾದು ಹೋಗುವಾಗ ಹೆಂಗಸರು ಗಡಿಗೆ ತಟ್ಟುವುದರಲ್ಲಿ ಬಹಳ ಮಗ್ನರಾಗಿರುತ್ತಿದ್ದರು.

*

ಬದಲಾವಣೆಯನ್ನು ಹಗಲಿನಲ್ಲೇ ಇಟ್ಟುಕೊಂಡರು. ಬೆಳಗಿನ ನೀರು ಮುಗಿದ ಮೇಲೆ, ಹತ್ತೂವರೆಗೆ. ಅತ್ತೆಯ ಒಂದು ಪ್ರತಿಯನ್ನು ಹೊರಗಿನ ಇಂಟರ್‌ನೆಟ್ ದಾರಿ ಕತ್ತರಿಸಿ ಬೇರೆ ಕೋಣೆಯಲ್ಲಿ ಎಚ್ಚರವಾಗಿಟ್ಟರು. ಎಡವಟ್ಟಾದರೆ ಐದು ನಿಮಿಷದಲ್ಲಿ ಅವಳನ್ನೇ ಮರಳಿ ಕೂಡಿಸಬಹುದು. ಎಲ್ಲವನ್ನೂ ಒಟ್ಟಿಗೆ ಕೊಡಲಿಲ್ಲ. ಮೊದಲು ಒಂದನೇ ರ‍್ಯಾಕ್ ಸೊಸೆಯ ಕೈಗೆ, ಹದಿನೈದು ನಿಮಿಷ ನೋಡುವುದು, ಆಮೇಲೆ ಎರಡನೆಯದು. ಏಳನೆಯದರ ಸರದಿ ಬಂದಾಗ ಹನ್ನೆರಡು ದಾಟಿತ್ತು. ಊಟಕ್ಕೆ ಯಾರೂ ಏಳಲಿಲ್ಲ.

ಎರಡೂವರೆಗೆ ಸೊಸೆಯ ಪರದೆಯ ಮೇಲೆ ಬಂತು: ‘ಏಳನೇ ರ‍್ಯಾಕ್ ಬಿಸಿಯಾಗುತ್ತಿದೆ. ಬೆನ್ನಿನ ಪೈಪಿನಲ್ಲಿ ನೀರು ಹರಿಸದಿದ್ದರೆ ಅದು ನಿಲ್ಲುತ್ತದೆ, ಕ್ಲೋರಿನ್ ನಿಲ್ಲುತ್ತದೆ. ಇಂದು ಸೋಮವಾರ, ನೀರು ಗಾಣಿಗರ ಓಣಿಗೆ. ನಾಲ್ಕನೇ ವಾಲ್ವು ತೆರೆಯುತ್ತಿದ್ದೇನೆ.’

ಮೂವತ್ತೆಂಟು, ಮೂವತ್ತೇಳು, ಮೂವತ್ತನಾಲ್ಕು. ಶ್ರೀವತ್ಸ ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟ. ಹುಸೇನಸಾಬ ಪರದೆಯ ಹತ್ತಿರ ಹೋಗಿ ಆ ವಾಕ್ಯವನ್ನು ಒಂದೊಂದೇ ಅಕ್ಷರ ಓದಿದ. “ಭಾಳ ಮಾತಾಡ್ತಾಳ್ರಿ ಇಕಿ” ಎಂದ. “ಆದ್ರ ಯಾರಿಗಾದ್ರೂ ತಿಳಿತೈತಿ.”

ಶಿವಗಂಗಾ ಮನೆಗೆ ಬಂದಾಗ ಐದೂವರೆ. ನಲ್ಲಿಯ ಕೆಳಗಿನ ಹಂಡೆ ಒಣಗಿತ್ತು. ತಿಗರಿ ನಿಂತಿತ್ತು. ನೀಲವ್ವ ಮಣ್ಣಿನ ಗುಡ್ಡೆಗೆ ಹಸಿ ಗೋಣಿ ಹೊಚ್ಚಿ ಕಟ್ಟೆಯ ಮೇಲೆ ಕೂತಿದ್ದಳು. ಶಿವಗಂಗಾ ಒಳಗೆ ಹೋಗುವ ಧೈರ್ಯವಾಗದೆ ಅಲ್ಲೇ ಪಕ್ಕದಲ್ಲಿ ಕೂತಳು.

ಕೊನೆಗೆ ನೀಲವ್ವನೇ ಕೇಳಿದಳು. “ಎಲ್ಲಿಗೆ ಹೋತು ಇವತ್ತ?”

“ಗಾಣಿಗರ ಓಣಿಗೆ.”

“ಅವರು ತುಂಬ್ಕೊಂಡ್ರೇನು?”

“ಬೋರ್ಡಿನ ಮ್ಯಾಲೆ ಬರದಿತ್ತು. ಆದ್ರ ಅರ್ಧಾ ಮಂದಿ ನಂಬಿಲ್ಲಂತ್ರಿ. ಖರೇನ ನೀರು ಬಂದ ಮ್ಯಾಲೆ ಕೊಡಾ ಹುಡುಕ್ಯಾಡಿದ್ರಂತ.”

ನೀಲವ್ವನ ತುಟಿ ನಗೆಗೆ ಸ್ವಲ್ಪ ಅಲುಗಿತು, ಆಮೇಲೆ ಮತ್ತೆ ಬಿಗಿಯಿತು. “ನೋಡು ಗಂಗಾ, ನೀ ಮಾಡಿದ್ದು ಖರೆ ಐತಿ. ಅಲ್ಲ ಅನ್ನಂಗಿಲ್ಲ ನಾ. ಆದ್ರ ಖರೆ ಐತಿ ಅಂತ ನನಗ ಸಂತೋಷ ಆಗಬೇಕಂತ ಏನೂ ಇಲ್ಲ.”

“ಇಲ್ರಿ ಅತ್ತಿ” ಎಂದಳು ಶಿವಗಂಗಾ. “ನನಗೂ ಆಗಿಲ್ಲ.”

ಎದುರು ಮನೆಯವಳು ಬಾಗಿಲಿಗೆ ಬಂದು, ಇಬ್ಬರೂ ಕೂತದ್ದನ್ನು ನೋಡಿ ಒಳಗೆ ಹೋದಳು. ನೀಲವ್ವ ಗೋಣಿಯ ಅಂಚನ್ನು ಎತ್ತಿ ಮಣ್ಣಿಗೆ ಹೆಬ್ಬೆರಳು ಒತ್ತಿ ಹದ ನೋಡಿದಳು.

“ನಮ್ಮ ಪಾಳಿ ಎಂದು?”

“ಗುರುವಾರ.”

“ಅಂದ್ರ ಮಣ್ಣಿನ ಕೆಲಸಕ್ಕ ಒಂದು ದಿನ ಹಿಡದ ನೀರು ಏಳು ದಿನಾ ಬರಬೇಕು. ಈ ಹಂಡೆ ಯಾತಕ್ಕೂ ಸಾಲೂದಿಲ್ಲ. ದೊಡ್ಡ ಹರವಿ ಮಾಡಬೇಕು, ಹತ್ತು ಕೊಡಾ ನೀರು ಹಿಡಿಯೋ ಹಂತಾವು. ನಮ್ಮವ್ವ ಮಾಡ್ತಿದ್ಲು. ನಾ ಮಾಡಿ ಮೂವತ್ತು ವರ್ಷ ಆತು.” ಅವಳು ಬೆರಳು ಮಡಚಿ ಎಣಿಸಿದಳು. “ಗಾಣಿಗರಿಗೂ ಬೇಕಾಗ್ತಾವ. ಏಳು ಓಣಿಗೂ ಬೇಕಾಗ್ತಾವ. ಕೊಡಾ ಹುಡುಕ್ಯಾಡೋ ಮಂದಿ ಅವರು.”

ಶಿವಗಂಗಾ ಅವಳ ಮುಖವನ್ನೇ ನೋಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಕಣ್ಣು ಆಗಲೇ ಮಣ್ಣಿನ ಗುಡ್ಡೆಯನ್ನು ಅಳೆಯುತ್ತಿತ್ತು.

“ಏನ್ ನೋಡ್ತಿ? ಸೀರಿ ಬದಲಿ ಮಾಡ್ಕೊಂಡು ಬಾ. ಅಷ್ಟು ಮಣ್ಣು ಒಬ್ಬಾಕಿ ತುಳಿಯಾಕ ಆಗೂದಿಲ್ಲ.”